ಕಂಬಳಿ ಹೊದ್ದ ಹೂರಣ

ಕಂಬಳಿ ಸುತ್ತಿದ ಥರ್ಮಕೋಲ್ ಪೆಟ್ಟಿಗೆ ಹಿಡಿದು ಇಮ್ಲಿಬನ್ ಬಸ್‌ಸ್ಟ್ಯಾಂಡಿನಲ್ಲಿ ಇಳಿದವನನ್ನು ಕಂಡರೆ ಜನ ನಗುತ್ತಾರೆ. "ಥಂಡಿ ಸಾಮಾನಿಗೆ ಕಂಬಳಿ ಯಾಕ್ರೀ?" ನಗಲಿ. ಕಂಬಳಿಗೆ ತನ್ನದೆಂಬ ಬಿಸಿ ಇಲ್ಲ. ಮೈಯ ಶಾಖವನ್ನು ಹೊರಗೆ ಬಿಡದ ಹಾಗೇ ಹೊರಗಿನ ಶಾಖವನ್ನು ಒಳಗೂ ಬಿಡುವುದಿಲ್ಲ. 1833ರಲ್ಲಿ ಬಾಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ ಹಡಗಿನಲ್ಲಿ 180 ಟನ್ ಮಂಜುಗಡ್ಡೆ ಕಳಿಸಿದ. ನಾಲ್ಕು ತಿಂಗಳ ಮೇಲೆ ಕಲ್ಕತ್ತೆಯಲ್ಲಿ ಸುಮಾರು 100 ಟನ್ ಇಳಿಯಿತು. ಯಂತ್ರವಿಲ್ಲ, ಕರೆಂಟಿಲ್ಲ, ಶಾಖ ತಡೆಯುವ ಹೊದಿಕೆಯೊಂದೇ.

ನಮ್ಮದು ಅಷ್ಟು ದೂರವಲ್ಲ. ರಾಯಚೂರಿನಿಂದ ಮೆಹಬೂಬನಗರದ ಮೇಲೆ ಹೈದರಾಬಾದಿಗೆ ಐದಾರು ತಾಸು. ಅವ್ವನಿಗೆ ಮೊಣಕಾಲು ನೋವು, ಬರಲಾರಳು. ಹೋಳಿಗೆ ಮಾಡಿದಾಗ ಒಂದಿಷ್ಟು ಹೂರಣ, ಬೇಳೆಯ ಕಟ್ಟು ಎರಡನ್ನೂ ಫ್ರೀಜರಿನಲ್ಲಿ ಗಡ್ಡೆ ಕಟ್ಟಿಸಿ, ಈ ಕಡೆ ಬರುವವರ ಕೈಲಿ ಕಾಚಿಗುಡದ ನನ್ನ ಕೋಣೆಗೆ ಕಳಿಸುತ್ತಾಳೆ.

ಹೋದ ವರ್ಷ ಮೇ ತಿಂಗಳಲ್ಲಿ ಬಂದ ಡಬ್ಬಿ ತೆರೆದರೆ ಹುಳಿ ವಾಸನೆ. ಫೋನಿನಲ್ಲಿ ರೇಗಿದೆ: "ಎಷ್ಟು ಸಲ ಹೇಳ್ಬೇಕು, ಸರಿಯಾಗಿ ಕಟ್ಟು ಅಂತ?" ಅವ್ವ, "ಹೂಂ, ನಂದೇ ತಪ್ಪು ಬಿಡಪ್ಪ" ಅಂದಳು. ಮುಂದೆ ಎರಡು ತಿಂಗಳು ಏನೂ ಬರಲಿಲ್ಲ.

ಆಮೇಲೆ ಹೊಳೆಯಿತು. ಆ ದಿನ ಡಬ್ಬಿಯ ಪಕ್ಕದ ಬಾಟಲಿಗಳಲ್ಲಿ ಅರ್ಧದಷ್ಟು ಮಂಜುಗಡ್ಡೆ ಇನ್ನೂ ಇತ್ತಲ್ಲ! ಒಂದು ಕಿಲೋ ಮಂಜುಗಡ್ಡೆ ಕರಗಿ ನೀರಾಗಲು 80 ಕಿಲೋಕ್ಯಾಲರಿ ಶಾಖ ನುಂಗುತ್ತದೆ. ಅದೇ ಶಾಖಕ್ಕೆ ಒಂದು ಕಿಲೋ ನೀರು ಸೊನ್ನೆಯಿಂದ 80 ಡಿಗ್ರಿಗೆ ಏರೀತು. ಅದು ಪೂರ್ತಿ ಕರಗುವ ತನಕ, ಅದಕ್ಕೆ ಒತ್ತಿಕೊಂಡ ಡಬ್ಬಿ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಹೂರಣ ದಾರಿಯಲ್ಲಿ ಕೆಟ್ಟದ್ದಲ್ಲ. ಮತ್ತೆಲ್ಲಿ?

ವಿಚಾರಿಸಿದೆ. ಅದರ ಹಿಂದಿನ ವಾರ ಅವ್ವ ಮಾನ್ವಿಗೆ ಮದುವೆಗೆ ಹೋಗಿ ಎರಡು ದಿನ ಉಳಿದಿದ್ದಳು. ಅದೇ ಹೊತ್ತಿಗೆ ಗಾಳಿಮಳೆಗೆ ಹೋದ ಕರೆಂಟು ಒಂದೂವರೆ ದಿನ ಬಂದಿರಲಿಲ್ಲವಂತೆ. "ನಾ ಬಂದಾಗ ಕಲ್ಲಿನಂಗ ಇತ್ತಲ್ಲಪ್ಪ" ಅಂದಳು. ಇದ್ದೇ ಇರುತ್ತದೆ, ಕರಗಿ, ಕೆಟ್ಟು, ಮತ್ತೆ ಗಡ್ಡೆ ಕಟ್ಟಿದ್ದು! ಫ್ರೀಜರಿನ ಥಂಡಿ ಕ್ರಿಮಿಗಳನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ. ಕೆಲವು ಕ್ರಿಮಿಗಳು ಬಿಟ್ಟ ವಿಷ ಕುದಿಸಿದರೂ ಹೋಗದು.

ಅದಕ್ಕೆ ಈಗ ಒಂದು ಉಪಾಯ. ಬಟ್ಟಲಿನಲ್ಲಿ ನೀರು ಗಡ್ಡೆ ಕಟ್ಟಿಸಿ, ಮೇಲೆ ಒಂದು ರೂಪಾಯಿ ನಾಣ್ಯವಿಟ್ಟು ಫ್ರೀಜರಿನಲ್ಲೇ ಬಿಡುವುದು. ನಾಣ್ಯ ತಳ ಸೇರಿದ್ದರೆ, ನಡುವೆ ಎಲ್ಲ ಕರಗಿತ್ತು ಅಂತ ಅರ್ಥ. ಕರುಳು ಹಿಂಡಿದರೂ ಚೆಲ್ಲಬೇಕು.

ಇನ್ನು ಕಟ್ಟುವ ಮಾತು. ಎರಡು ದಿನ ಮೊದಲೇ ಫ್ರೀಜರಿಗೆ ಇಡಿ. ಬಾಟಲಿಗೆ ಕಂಠಮಟ್ಟ ನೀರು ತುಂಬಬೇಡಿ, ಗಡ್ಡೆಯಾಗುವಾಗ ಉಬ್ಬಿ ಒಡೆಯುತ್ತದೆ. ಡಬ್ಬಿಯ ಕೆಳಗೊಂದು, ಮೇಲೊಂದು ಬಾಟಲಿ ಇರಲಿ. ತಂಪುಗಾಳಿ ಕೆಳಗಿಳಿಯುವುದರಿಂದ ಮೇಲಿನದು ಮುಖ್ಯ. ಸಂದುಗಳಿಗೆ ಹಳೇ ಪೇಪರು ತುರುಕಿ. ದಾರಿಯಲ್ಲಿ "ಹೆಂಗೈತೋ ನೋಡೋಣ" ಅಂತ ಮುಚ್ಚಳ ತೆಗೆಯಲೇಬೇಡಿ. ಬೆಲ್ಲದ ದೆಸೆಯಿಂದ ಹೂರಣ ಬೇಗ ಮೆತ್ತಗಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ, ಬಾಟಲಿ ನೋಡಿ. ಮಂಜುಗಡ್ಡೆ ಉಳಿದು ಡಬ್ಬಿ ಕೊರೆಯುತ್ತಿದ್ದರೆ ಸರಿ. ಡಬ್ಬಿಯೇ ಉಗುರುಬೆಚ್ಚಗಾಗಿದ್ದರೆ ಮೂಸಿ ನೋಡುತ್ತ ಕೂರಬೇಡಿ, ಚೆಲ್ಲಿ.

ಶ್ರಾವಣದಲ್ಲಿ ಒಂದು ರಾತ್ರಿ ಅವ್ವನೇ ಫೋನು ಮಾಡಿದಳು.

"ರೂಪಾಯಿ ಮ್ಯಾಲೇ ಐತಿ. ಕಳಿಸ್ಲೇನು?"