ಮಲಗುವ ಕೋಣೆಯಲ್ಲಿ ಮುದ್ರಿತವಾದ ಹಾಡು

ಮನೆಯಲ್ಲಿ ಧ್ವನಿಮುದ್ರಣ ಯಂತ್ರವನ್ನು ಮೊದಲ ಸಲ ನಡೆಸಿದವರಿಗೆಲ್ಲ ಒಂದು ವಿಚಿತ್ರ ಅನುಭವವಾಗುತ್ತದೆ. ಮಿಕ್ಕವರ ದನಿ ಯಥಾವತ್ತಾಗಿ ಕೇಳಿಸುತ್ತದೆ. ತನ್ನದು ಮಾತ್ರ ಬೇರೆ ಯಾರದೋ ಎನಿಸುತ್ತದೆ. "ಯಂತ್ರ ಕೆಟ್ಟಿದೆ" ಎನ್ನುತ್ತಾರೆ ಮನೆಯ ಯಜಮಾನರು. "ಇಲ್ಲ, ನಿಮ್ಮ ದನಿ ಇರುವುದೇ ಹಾಗೆ" ಎಂದು ಮನೆಯವರೆಲ್ಲ ನಗುತ್ತಾರೆ. ಇಬ್ಬರ ಮಾತೂ ಸುಳ್ಳಲ್ಲ. ಮನುಷ್ಯನಿಗೆ ತನ್ನ ದನಿ ಗಾಳಿಯ ಮೂಲಕವಲ್ಲದೆ ತಲೆಯ ಮೂಳೆಗಳ ಮೂಲಕವೂ ಕೇಳಿಸುತ್ತದೆ; ಆ ದಾರಿಯಲ್ಲಿ ತಗ್ಗಿನ ಸ್ವರಗಳಿಗೆ ಬಲ ಹೆಚ್ಚು. ಮೈಕಿಗೆ ಆ ದಾರಿಯಿಲ್ಲ.

ಹಾಗಾದರೆ ಧ್ವನಿಮುದ್ರಣ ಚೆನ್ನಾಗಿದೆಯೆಂದು ಹೇಳತಕ್ಕವರು ಯಾರು? ಯಂತ್ರದ ಬೆಲೆಯೇ, ಕಿವಿಯೇ? ಅಮೆರಿಕದ ಖ್ಯಾತ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರು 1982ರಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಬೇಕಾಯಿತು.

1980ರ ಅವರ ಗಾನಮಾಲೆ ಮಾರಾಟದಲ್ಲಿ ಮೊದಲ ಸ್ಥಾನಕ್ಕೇರಿತ್ತು. ಮುಂದಿನದಕ್ಕೆ ಕರಡು ಸಿದ್ಧಪಡಿಸಲೆಂದು ಅವರು ನ್ಯೂಜೆರ್ಸಿಯ ಕೋಲ್ಟ್ಸ್ ನೆಕ್ ಎಂಬಲ್ಲಿ ತಾವಿದ್ದ ಬಾಡಿಗೆ ಮನೆಗೆ ಟೀಯಾಕ್ ಸಂಸ್ಥೆಯ 'ಪೋರ್ಟಾಸ್ಟುಡಿಯೋ' ಯಂತ್ರವನ್ನು ತರಿಸಿಕೊಂಡರು. 1979ರಲ್ಲಿ ಹೊರಬಂದ ಈ ಯಂತ್ರ ಎಲ್ಲರ ಮನೆಯಲ್ಲಿರುತ್ತಿದ್ದ ಸಾಮಾನ್ಯ ಕ್ಯಾಸೆಟ್ಟಿನ ಮೇಲೆಯೇ ನಾಲ್ಕು ಧ್ವನಿಗಳನ್ನು ಬೇರೆ ಬೇರೆಯಾಗಿ ಮುದ್ರಿಸಬಲ್ಲದಾಗಿತ್ತು. ಸ್ಟುಡಿಯೋದ ಟೇಪು ಎರಡು ಅಂಗುಲ ಅಗಲ. ಇದು ನಾಲ್ಕು ಮಿಲಿಮೀಟರಿಗೂ ಕಡಿಮೆ. ಟೇಪು ಕಿರಿದಾದಷ್ಟೂ 'ಸ್ಸ್' ಎಂಬ ಹಿನ್ನೆಲೆಯ ಸದ್ದು ಎದ್ದು ಕೇಳಿಸುತ್ತದೆ. ಜನವರಿ ತಿಂಗಳಲ್ಲಿ ಮಲಗುವ ಕೋಣೆಯಲ್ಲಿ ಕುಳಿತು, ಎರಡು ಸಾಧಾರಣ ಮೈಕುಗಳ ಮುಂದೆ, ಗಿಟಾರು ಹಿಡಿದು ಅವರೊಬ್ಬರೇ ಹಾಡಿದರು. ಕೊಲೆಗಾರ, ಕೆಲಸ ಕಳೆದುಕೊಂಡವನು, ದಾರಿ ತಪ್ಪಿದ ತಮ್ಮನನ್ನು ಬಂಧಿಸಲಾರದ ಪೊಲೀಸು ಅಣ್ಣ — ಇಂಥವರ ಕಥೆಗಳು ಅವು. ಕ್ಯಾಸೆಟ್ಟನ್ನು ಡಬ್ಬಿಯೂ ಇಲ್ಲದೆ ಜೇಬಿನಲ್ಲಿಟ್ಟುಕೊಂಡು ಅವರು ಕೆಲವು ವಾರ ಓಡಾಡಿದರಂತೆ!

ಬಳಿಕ ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಅವರ ವಾದ್ಯವೃಂದ ಅದೇ ಹಾಡುಗಳನ್ನು ನುಡಿಸಿತು. ಯಂತ್ರಗಳು ಉತ್ತಮ, ವಾದಕರು ನುರಿತವರು, ಎಂಜಿನಿಯರರು ನಿಪುಣರು. ಆದರೂ ಗಾಯಕರಿಗೆ ಸಮಾಧಾನವಿಲ್ಲ. ಕ್ಯಾಸೆಟ್ಟಿನ ಮಸುಕು, ಪ್ರತಿಧ್ವನಿ, ಬರಿದಾದ ಕೋಣೆಯ ಭಾವ ಇವೆಲ್ಲ ಎಂಜಿನಿಯರರ ಲೆಕ್ಕದಲ್ಲಿ ದೋಷಗಳು; ಆ ಒಂಟಿ ಜೀವಗಳ ಕಥೆಗೆ ಅವೇ ಉಸಿರಾಗಿದ್ದುವು. ಸ್ಟುಡಿಯೋ ದೋಷವನ್ನು ತೊಳೆಯಿತು, ಜೊತೆಗೆ ಕಥೆಯನ್ನೂ.

ಕೊನೆಗೆ ಜೇಬಿನ ಕ್ಯಾಸೆಟ್ಟನ್ನೇ ಪ್ರಕಟಿಸುವುದೆಂದು ನಿರ್ಧಾರವಾಯಿತು. ಗೆದ್ದ ಗಾಯಕನಿಗೆ ಇದು ಸಣ್ಣ ಸಾಹಸವಲ್ಲ. ಅದನ್ನು ಗ್ರಾಮಫೋನು ತಟ್ಟೆಗೆ ಇಳಿಸುವುದೇ ಪ್ರಯಾಸವಾಗಿ, ಹಲವು ಪ್ರಯತ್ನಗಳ ನಂತರ ಶಬ್ದದ ಮಟ್ಟವನ್ನು ತಗ್ಗಿಸಿ ಕೆಲಸ ಮುಗಿಸಿದರು. 'ನೆಬ್ರಾಸ್ಕ' ಎಂಬ ಹೆಸರಿನಲ್ಲಿ ಅದು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೊರಬಂದು, ಅಮೆರಿಕದ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೇರಿತು.

ಹಾಗೆಂದು ಕಿವಿಯನ್ನು ಪೂರ್ತಿ ನಂಬುವಂತೆಯೂ ಇಲ್ಲ. ಒಂದೇ ಹಾಡನ್ನು ಎರಡು ಯಂತ್ರಗಳಲ್ಲಿ ಕೇಳಿಸಿ, ಒಂದರ ಶಬ್ದವನ್ನು ಕೂದಲೆಳೆಯಷ್ಟು ಹೆಚ್ಚಿಸಿದರೆ ಸಾಕು. ಕೇಳುವವರು ಅದು ಜೋರಾಗಿದೆ ಎನ್ನುವುದಿಲ್ಲ, ಚೆನ್ನಾಗಿದೆ ಎನ್ನುತ್ತಾರೆ. ಚತುರ ವ್ಯಾಪಾರಿಗೆ ಇದು ತಿಳಿಯದ ಸಂಗತಿಯೇನಲ್ಲ.

ಅಂದು ಬದಿಗಿಟ್ಟಿದ್ದ ವಾದ್ಯವೃಂದದ ಮುದ್ರಣಗಳು 43 ವರ್ಷಗಳ ನಂತರ, 2025ರಲ್ಲಿ ಬೆಳಕು ಕಂಡುವು. ಆಸಕ್ತರು ಈಗ ಎರಡನ್ನೂ ಒಂದರ ಹಿಂದೊಂದು ಕೇಳಬಹುದು. ಕೇಳುವ ಮುನ್ನ ಶಬ್ದದ ಮಟ್ಟವನ್ನು ಸರಿಸಮ ಮಾಡಿಕೊಳ್ಳಬೇಕು, ಅಷ್ಟೆ.