ಗಾಳಿ, ದಾರ ಮತ್ತು ದ್ವಿಚಕ್ರ ವಾಹನ

ಗುಜರಾತಿನಲ್ಲಿ ನೆಲೆಸಿದ ಕನ್ನಡಿಗರಿಗೆ ಮಕರ ಸಂಕ್ರಾಂತಿಯೆಂದರೆ ಎರಡು ಹಬ್ಬಗಳ ಸಂಗಮ. ಹಗಲೆಲ್ಲ ಮಾಳಿಗೆಯ ಮೇಲೆ ಉತ್ತರಾಯಣದ ಗಾಳಿಪಟ. ಸಂಜೆಗೆ ಬಂಧುಮಿತ್ರರ ಮನೆಗಳಿಗೆ ಎಳ್ಳು-ಬೆಲ್ಲ. ಅಹಮದಾಬಾದ್, ವಡೋದರಾ, ಸೂರತ್ ನಗರಗಳಲ್ಲಿ ಎಳ್ಳು ಬೀರುವ ಈ ಓಡಾಟವು ಬಹುಮಟ್ಟಿಗೆ ದ್ವಿಚಕ್ರ ವಾಹನಗಳ ಮೇಲೆಯೇ ನಡೆಯುತ್ತದೆ. ಪಟವನ್ನು ಮೇಲಕ್ಕೆತ್ತುವ ಗಾಳಿಯೇ ಸವಾರನಿಗೆ ಎರಡು ಬಗೆಯ ಅಪಾಯವನ್ನು ತರುತ್ತದೆಂಬುದನ್ನು ಆ ಸಡಗರದಲ್ಲಿ ಮರೆಯಲಾಗದು.

ಮೊದಲನೆಯದು ಗಾಳಿಯ ತಳ್ಳುವಿಕೆ. ಗಾಳಿಯ ವೇಗವು ಇಮ್ಮಡಿಯಾದರೆ ಅದರ ಒತ್ತಡವು ನಾಲ್ಮಡಿಯಾಗುತ್ತದೆ. ಗಂಟೆಗೆ 20 ಕಿಲೋಮೀಟರ್ ವೇಗದ ಗಾಳಿಯು ಒಂದು ಚದರ ಮೀಟರಿನ ಮೇಲೆ ಸುಮಾರು 2 ಕಿಲೋ ಭಾರದಷ್ಟು ಒತ್ತಿದರೆ, 40 ಕಿಲೋಮೀಟರ್ ವೇಗದ್ದು ಏಳೂವರೆ ಕಿಲೋದಷ್ಟು ಒತ್ತುತ್ತದೆ. ಸಾಬರಮತಿ, ತಾಪಿ ನದಿಗಳ ಸೇತುವೆಗಳ ಮೇಲೆ ಕಟ್ಟಡಗಳ ಮರೆಯಿಲ್ಲದ ಕಾರಣ ಈ ಒತ್ತಡವು ಹಠಾತ್ತನೆ ಪಕ್ಕದಿಂದ ಎರಗುತ್ತದೆ. ಬಸ್ಸು ಲಾರಿಗಳ ಮರೆಯಿಂದ ಹೊರಬಂದೊಡನೆಯೂ ಹೀಗೆಯೇ. ಆಗ ಹ್ಯಾಂಡಲನ್ನು ಬಿಗಿಯಾಗಿ ಸೆಟೆದು ಹಿಡಿದರೆ ಮೈಯ ಪ್ರತಿಯೊಂದು ಅಲುಗಾಟವೂ ಚಕ್ರಕ್ಕೆ ತಲಪುತ್ತದೆ. ತೋಳುಗಳನ್ನು ಸಡಿಲವಾಗಿರಿಸಿ, ಗಾಳಿ ಬರುವ ದಿಕ್ಕಿಗೆ ತುಸು ವಾಲಿ, ಇಕ್ಕೆಲಗಳಲ್ಲಿ ಸಾಕಷ್ಟು ಅಂತರವಿಟ್ಟು ಸಾಗುವುದು ಕ್ಷೇಮಕರ. ಹಾರಾಡುವ ಸೆರಗು, ದುಪಟ್ಟಾಗಳು ಚಕ್ರಕ್ಕೆ ಸಿಲುಕದಂತೆ ಒಳಸೇರಿಸಿಕೊಳ್ಳತಕ್ಕದ್ದು.

ಎರಡನೆಯದು ಗಾಳಿಯು ಹೊತ್ತು ತರುವ ದಾರ. ಗಾಜಿನ ಪುಡಿ ಲೇಪಿಸಿದ ಮಾಂಜಾ, ಪಟ ಕಡಿದುಹೋದ ಮೇಲೆ, ಮರ ಹಾಗೂ ದೀಪದ ಕಂಬಗಳ ನಡುವೆ ರಸ್ತೆಗೆ ಅಡ್ಡಲಾಗಿ ಬಿಗಿದು ನಿಲ್ಲುತ್ತದೆ. ನೈಲಾನ್ ದಾರವಂತೂ ಸುಲಭವಾಗಿ ತುಂಡಾಗುವುದಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2017ರಲ್ಲಿ ಅದನ್ನು ನಿಷೇಧಿಸಿದ್ದರೂ ಬಳಕೆ ಪೂರ್ಣವಾಗಿ ನಿಂತಿಲ್ಲ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಸಾಗುವವನು ಒಂದು ಸೆಕೆಂಡಿನಲ್ಲಿ 11 ಮೀಟರ್ ಕ್ರಮಿಸುತ್ತಾನೆ; ಮುಸ್ಸಂಜೆಯಲ್ಲಿ ದಾರವು ಕಣ್ಣಿಗೆ ಬೀಳುವುದು ಅದಕ್ಕಿಂತ ಬಹಳ ಹತ್ತಿರದಲ್ಲಿ. ದಾರವು ನಿಂತಲ್ಲೇ ನಿಂತಿರುತ್ತದೆ. ಕೊಯ್ಯುವ ಬಲವನ್ನು ಅದಕ್ಕೆ ಒದಗಿಸುವುದು ಸವಾರನ ವೇಗವೇ.

ಆದುದರಿಂದ ಎರಡು ಅಪಾಯಗಳಿಗೂ ಪರಿಹಾರ ಒಂದೇ: ವೇಗವನ್ನು ತಗ್ಗಿಸುವುದು. ಅದರೊಡನೆ ಕುತ್ತಿಗೆಗೆ ದಪ್ಪ ಬಟ್ಟೆ ಸುತ್ತಿ ತುದಿಗಳನ್ನು ಅಂಗಿಯೊಳಗೆ ಸೇರಿಸಬೇಕು. ಹೆಲ್ಮೆಟ್ಟಿನ ಪಟ್ಟಿಯನ್ನು ಬಿಗಿಯಬೇಕು. ಈ ಊರುಗಳಲ್ಲಿ ಹ್ಯಾಂಡಲಿಗೆ ಕಮಾನಿನಂತೆ ಬಾಗಿಸಿದ ಕಬ್ಬಿಣದ ಸರಳನ್ನು ಕೂಡಿಸುವ ರೂಢಿಯುಂಟು. ಅಲ್ಪ ಖರ್ಚಿನ ಈ ಸಾಧನವು ಅಡ್ಡಬಂದ ದಾರವನ್ನು ಸವಾರನ ತಲೆಯ ಮೇಲಕ್ಕೆ ಸರಿಸುತ್ತದೆ. ಸೂರತ್ತಿನಲ್ಲಿ ಹಬ್ಬದ ದಿನಗಳಲ್ಲಿ ಮೇಲ್ಸೇತುವೆಗಳ ಮೇಲೆ ದ್ವಿಚಕ್ರ ವಾಹನಗಳ ಸಂಚಾರವನ್ನು ಪೊಲೀಸರು ನಿರ್ಬಂಧಿಸಿದ್ದುಂಟು. ಉಳಿದೆಡೆಯೂ ಆ ದಿನ ಸೇತುವೆಯ ಕೆಳಗಿನ ರಸ್ತೆಯನ್ನು ಹಿಡಿಯುವುದೇ ಜಾಣತನ.

ಎಲ್ಲಕ್ಕಿಂತ ಮುಖ್ಯವಾದುದು ಮಕ್ಕಳ ವಿಷಯ. ಎಳ್ಳಿನ ಡಬ್ಬಿ ಹಿಡಿದು ಸ್ಕೂಟರಿನ ಮುಂಭಾಗದಲ್ಲಿ ನಿಂತ ಮಗುವಿನ ಕೊರಳಿಗೇ ದಾರವು ಮೊದಲು ತಾಗುತ್ತದೆ. 2022ರಲ್ಲಿ ಪ್ರಕಟವಾದ ಕೇಂದ್ರದ ನಿಯಮವು ನಾಲ್ಕು ವರ್ಷದೊಳಗಿನ ಮಕ್ಕಳನ್ನು ಸವಾರನಿಗೆ ಬಿಗಿದಿಡುವ ಸುರಕ್ಷಾ ಪಟ್ಟಿಯನ್ನೂ, ಒಂಬತ್ತು ತಿಂಗಳು ತುಂಬಿದ ಮಕ್ಕಳಿಗೆ ಹೆಲ್ಮೆಟ್ಟನ್ನೂ ವಿಧಿಸಿದೆ. ಅಂತಹ ಮಗು ಇರುವಾಗ 40 ಕಿಲೋಮೀಟರ್ ವೇಗವನ್ನು ಮೀರುವಂತಿಲ್ಲ. ಉತ್ತರಾಯಣದ ದಿನ ಮಕ್ಕಳನ್ನು ಆಟೋರಿಕ್ಷಾದಲ್ಲಿ ಕರೆದೊಯ್ಯುವುದು ಇನ್ನೂ ಮೇಲು.

ಇಷ್ಟಾಗಿಯೂ ಕುತ್ತಿಗೆಗೆ ಗಾಯವಾದರೆ ಶುಭ್ರವಾದ ಬಟ್ಟೆಯನ್ನು ಗಾಯದ ಮೇಲಿಟ್ಟು ಕೈಯಿಂದ ಒತ್ತಿ ಹಿಡಿಯಬೇಕು. ಉಸಿರಿಗೆ ತಡೆಯಾಗದಂತೆ ನೋಡಿಕೊಳ್ಳಬೇಕು. ಕೊರಳಿನ ಸುತ್ತ ಬಟ್ಟೆಯನ್ನು ಬಿಗಿದು ಕಟ್ಟಬಾರದು. ಒತ್ತಿದ ಕೈಯನ್ನು ಮತ್ತೆ ಮತ್ತೆ ತೆಗೆದು ನೋಡುವುದೂ ತರವಲ್ಲ. ಒಡನೆಯೇ 108ಕ್ಕೆ ಕರೆ ಮಾಡತಕ್ಕದ್ದು.

ಗಾಳಿಯ ವೇಗವು ಯಾರ ಅಂಕೆಗೂ ಸಿಗದು. ವಾಹನದ ವೇಗವಾದರೋ ಸವಾರನ ಕೈಯಲ್ಲೇ ಇದೆ. ಹತ್ತು ನಿಮಿಷ ತಡವಾಗಿ ತಲಪಿದರೂ ಎಳ್ಳು-ಬೆಲ್ಲದ ಸವಿ ಕಡಿಮೆಯಾಗುವುದಿಲ್ಲ.