ಗಣಕಯಂತ್ರದಲ್ಲಿ ದತ್ತಾಂಶದ ಗಡಿದಾಟು

ಗಣಕಯಂತ್ರದ ಮುಂದೆ ಕುಳಿತವನು ಕೀಲಿಮಣೆಯಲ್ಲಿ ಒಂದು ಅಕ್ಷರವನ್ನೊತ್ತಿದೊಡನೆ ಅದು ತೆರೆಯ ಮೇಲೆ ಮೂಡುತ್ತದೆ. ಈ ನಡುವೆ ಆ ಅಕ್ಷರವು ಒಂದು ಗಡಿಯನ್ನು ದಾಟಿ ಬಂದಿತೆಂಬುದು ನೋಡುವವನಿಗೆ ತೋರದು. ಪತ್ರ ಬರೆಯುವ, ಲೆಕ್ಕ ಹಾಕುವ, ಚಿತ್ರ ತೋರಿಸುವ ಪ್ರೋಗ್ರಾಮುಗಳೆಲ್ಲ ಬಳಕೆದಾರನ ನೆಲೆಯವು. ಕೀಲಿಮಣೆ, ಡಿಸ್ಕು, ಮುದ್ರಣಯಂತ್ರಗಳನ್ನು ನೇರವಾಗಿ ಮುಟ್ಟುವ ಅಧಿಕಾರ ಸಾಮಾನ್ಯವಾಗಿ ಅವಕ್ಕಿಲ್ಲ. ಆ ಅಧಿಕಾರವುಳ್ಳದ್ದು ಕರ್ನಲ್, ಅಂದರೆ ಇಡೀ ಕಾರ್ಯವ್ಯವಸ್ಥೆಯ ತಿರುಳು. ಒಂದೊಂದು ಬಗೆಯ ಸಾಧನವನ್ನು ನಡೆಸಲು ಅದರೊಳಗೆ ಒಂದೊಂದು ಡ್ರೈವರ್ ಇರುತ್ತದೆ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಆರಂಭಿಸಿದ ಯುನಿಕ್ಸ್ ವ್ಯವಸ್ಥೆಯು ಸಾಧನವನ್ನೂ ಒಂದು ಕಡತವೆಂದೇ ಬಗೆಯಿತು. ತೆರೆ, ಓದು, ಬರೆ, ಮುಚ್ಚು ಎಂಬ ಕೆಲವೇ ಕ್ರಿಯಾಪದಗಳಿಂದ ಬಹುಮಟ್ಟಿನ ವ್ಯವಹಾರ ಸಾಗುತ್ತಿತ್ತು. ಆದರೆ ಸಂವಹನದ ವೇಗವನ್ನು ಬದಲಿಸುವಂಥ ಕೆಲಸಗಳು ಓದು-ಬರೆಹಗಳಲ್ಲಿ ಅಡಗುವುದಿಲ್ಲ. ಅವುಗಳಿಗಾಗಿ 1979ರ ಏಳನೆಯ ಆವೃತ್ತಿಯಲ್ಲಿ ‘ಐಆಕ್ಟಲ್’ ಎಂಬ ಕರೆ ಬಂದಿತು. ಅದರಲ್ಲಿ ಪ್ರೋಗ್ರಾಮು ಡ್ರೈವರಿಗೆ ಒಂದು ಆಜ್ಞೆಯ ಸಂಖ್ಯೆಯನ್ನೂ ಬಹುಮಟ್ಟಿಗೆ ಒಂದು ವಿಳಾಸವನ್ನೂ ಒಪ್ಪಿಸುತ್ತದೆ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೊರತಂದ ಲಿನಕ್ಸ್ ಕರ್ನಲ್ಲಿನಲ್ಲಿಯೂ ಇದೇ ಪದ್ಧತಿ ನಡೆದು ಬಂದಿದೆ.

ತೊಡಕಿರುವುದೆಲ್ಲ ಈ ವಿಳಾಸದಲ್ಲಿಯೇ. ಪ್ರತಿಯೊಂದು ಪ್ರೋಗ್ರಾಮಿಗೂ ತನ್ನದೇ ಆದ ಪುಟಕೋಷ್ಟಕವುಂಟು. ಸಾಮಾನ್ಯವಾಗಿ 4096 ಬೈಟುಗಳಿಗೆ ಒಂದು ಪುಟ. ಒಂದೇ ಸಂಖ್ಯೆಯ ವಿಳಾಸವು ಒಂದು ಪ್ರೋಗ್ರಾಮಿನಲ್ಲಿ ಒಂದು ತಾಣವನ್ನೂ ಇನ್ನೊಂದರಲ್ಲಿ ಮತ್ತೊಂದು ತಾಣವನ್ನೂ ಸೂಚಿಸಬಹುದು. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಪದ ಒಂದೇ, ಪದಾರ್ಥ ಬೇರೆ. ಆ ಪುಟವು ಆಗ ಸ್ಮೃತಿಯಲ್ಲಿಲ್ಲದೆ ಡಿಸ್ಕಿನಲ್ಲಿರಬಹುದು, ಎಲ್ಲಿಯೂ ಇಲ್ಲದಿರಲೂಬಹುದು. ಇವೆಲ್ಲಕ್ಕಿಂತ ಘೋರವಾದದ್ದು, ಅದು ಕರ್ನಲ್ಲಿನ ಸ್ವಂತ ವಿಳಾಸವೇ ಆಗಿರುವುದು. ಡ್ರೈವರ್ ಅದನ್ನು ನಂಬಿ ಅಲ್ಲಿ ಬರೆದುಬಿಟ್ಟರೆ, ಅಧಿಕಾರವಿಲ್ಲದ ಪ್ರೋಗ್ರಾಮು ಅಧಿಕಾರವುಳ್ಳವನ ಕೈಯಿಂದಲೇ ಅವನ ದಫ್ತರವನ್ನು ತಿದ್ದಿಸಿದಂತಾಯಿತು.

ಆದುದರಿಂದ ಲಿನಕ್ಸಿನ ಡ್ರೈವರುಗಳು ಬಳಕೆದಾರನ ವಿಳಾಸಕ್ಕೆ ನೇರವಾಗಿ ಕೈಹಾಕುವಂತಿಲ್ಲ. ‘ಕಾಪಿ ಫ್ರಮ್ ಯೂಸರ್’, ‘ಕಾಪಿ ಟು ಯೂಸರ್’ ಎಂಬ ಎರಡು ವಿಧಿಗಳ ಮೂಲಕವೇ ದತ್ತಾಂಶದ ಪ್ರತಿ ಮಾಡಿಕೊಳ್ಳಬೇಕು. ವಿಳಾಸವು ಬಳಕೆದಾರನ ಸೀಮೆಯೊಳಗಿದೆಯೇ ಎಂದು ಇವು ಮೊದಲು ಪರೀಕ್ಷಿಸುತ್ತವೆ. ನಡುವೆ ಪುಟ ದೊರೆಯದೆ ಹೋದರೆ ವ್ಯವಸ್ಥೆಯನ್ನು ಕೆಡವದೆ, ಪ್ರತಿಯಾಗದೆ ಉಳಿದ ಬೈಟುಗಳೆಷ್ಟೆಂದು ತಿಳಿಸುತ್ತವೆ. ಆದದ್ದನ್ನು ಬಿಟ್ಟು ಆಗದೆ ಉಳಿದದ್ದನ್ನು ಹೇಳುವ ಈ ರೀತಿ ಹೊಸಬರನ್ನು ತಬ್ಬಿಬ್ಬುಗೊಳಿಸುವುದುಂಟು: ಇಲ್ಲಿ ಸೊನ್ನೆಯೇ ಪೂರ್ಣಸಿದ್ಧಿ.

ಪ್ರತಿ ಮಾಡುವುದೂ ಒಮ್ಮೆಯೇ ಆಗಬೇಕು. ದತ್ತಾಂಶದ ಉದ್ದವನ್ನು ಮೊದಲು ಓದಿ ಪರೀಕ್ಷಿಸಿ, ಅನಂತರ ಅದನ್ನೇ ಬಳಕೆದಾರನ ಸ್ಮೃತಿಯಿಂದ ಮತ್ತೊಮ್ಮೆ ಓದಿದರೆ, ಆ ಅರೆಕ್ಷಣದಲ್ಲಿ ಅದೇ ಪ್ರೋಗ್ರಾಮಿನ ಇನ್ನೊಂದು ಎಳೆ ಅದನ್ನು ಬದಲಿಸಿರಬಹುದು.

ಇದೆಲ್ಲ ಅತಿ ಎಚ್ಚರಿಕೆಯೆಂದು ತೋರೀತು. 2017ರಲ್ಲಿ ಹೊರಬಂದ ಲಿನಕ್ಸ್ 4.13ರ ಸಂಗತಿಯನ್ನು ನೋಡಬಹುದು. ದೋಷವಿದ್ದದ್ದು ಡ್ರೈವರಿನಲ್ಲಲ್ಲ, ‘ವೇಟ್ ಐಡಿ’ ಎಂಬ ಕರೆಯಲ್ಲಿ. ಆದರೆ ಗಡಿ ಅದೇ. ಕರೆಯ ಬರವಣಿಗೆಯನ್ನು ಮಾರ್ಪಡಿಸುವಾಗ ವಿಳಾಸದ ಪರೀಕ್ಷೆ ಬಿಟ್ಟುಹೋಯಿತು. ಸಾಮಾನ್ಯ ಪ್ರೋಗ್ರಾಮೊಂದು ಕರ್ನಲ್ಲಿನ ವಿಳಾಸವನ್ನು ಕೊಟ್ಟರೂ ಕರ್ನಲ್ ಅಲ್ಲಿ ಬರೆಯತೊಡಗಿತು. ಅದೇ ವರ್ಷ ದೋಷವನ್ನು ತಿದ್ದಲಾಯಿತು.

ಪ್ರತಿ ಮಾಡುವುದು ಎಲ್ಲೆಡೆಯೂ ಲಾಭಕರವಲ್ಲ. 1920ಕ್ಕೆ 1080 ಚುಕ್ಕೆಗಳ ಕ್ಯಾಮೆರಾಚಿತ್ರದಲ್ಲಿ ಚುಕ್ಕೆಗೆ 2 ಬೈಟಿನಂತೆ 41,47,200 ಬೈಟುಗಳು. ಸೆಕೆಂಡಿಗೆ 30 ಚಿತ್ರಗಳಾದರೆ ಹನ್ನೆರಡು ಕೋಟಿಗೂ ಮೀರುತ್ತದೆ. ಇಂಥಲ್ಲಿ ‘ಎಮ್ ಮ್ಯಾಪ್’ ಎಂಬ ಕರೆಯಿಂದ ಡ್ರೈವರಿನ ಪುಟಗಳನ್ನೇ ಪ್ರೋಗ್ರಾಮಿನ ಪುಟಕೋಷ್ಟಕದಲ್ಲಿ ಕಾಣಿಸುತ್ತಾರೆ. ಚಿತ್ರವು ಇದ್ದಲ್ಲಿಯೇ ಇರುತ್ತದೆ. ತುಂಬಿದ ತಾಣ ಎಷ್ಟನೆಯದೆಂಬ ಸಂಖ್ಯೆ ಮೊದಲಾದ ಅಲ್ಪ ವಿವರ ಮಾತ್ರ ಐಆಕ್ಟಲ್ ಕರೆಯ ಮೂಲಕ ಗಡಿಯನ್ನು ದಾಟುತ್ತದೆ; ಚಿತ್ರವನ್ನು ನೋಡಿಯಾದ ಮೇಲೆ ಪ್ರೋಗ್ರಾಮು ಆ ತಾಣವನ್ನು ಮತ್ತೆ ತುಂಬಲೆಂದು ಅದೇ ದಾರಿಯಲ್ಲಿ ಹಿಂದಿರುಗಿಸುತ್ತದೆ.